ಒಂದು ಮುಚ್ಚಳ ವೋಡ್ಕಾ

ಗುಂಪು: ಮನಿ ಮಂದಿ 🙏 (ಹೆಸರು ನನ್ನ ಫೋನಿನ್ಯಾಗ ಉಳಿಸಿಕೊಂಡಂಗ)

ಬಾಗಲಕೋಟಿ ಅತ್ತಿ, 7:42
↪ ಹಲವು ಬಾರಿ ಫಾರ್ವರ್ಡ್ ಆಗಿದೆ
ಮನೆಯಲ್ಲಿ ಸಮುದ್ರದ ಅಕ್ವೇರಿಯಂ ಇಟ್ಟವರು ತಪ್ಪದೇ ಓದಿ!! ನೈಟ್ರೇಟ್, ಫಾಸ್ಫೇಟ್ ಎರಡೂ ಹವಳಕ್ಕೆ ವಿಷ. ಎರಡೂ ಸೊನ್ನೆ ಇರಲೇಬೇಕು. ಫಾಸ್ಫೇಟ್ ಹೀರುವ ಕಬ್ಬಿಣದ ಪುಡಿ ಎರಡು ಪಟ್ಟು ಹಾಕಿ. ದಿನಕ್ಕೊಂದು ಮುಚ್ಚಳ ವೋಡ್ಕಾ ಸುರಿಯಿರಿ. ಏಳೇ ದಿನದಲ್ಲಿ ನೀರು ಗಾಜಿನಂತೆ! ಹತ್ತು ಜನರಿಗೆ ಕಳಿಸಿ.

ಬಾಗಲಕೋಟಿ ಅತ್ತಿ, 7:43
@ಬೆಳಗಾವಿ ತಮ್ಮ ನಿನ್ನ ಸಲುವಾಗಿ ಹಾಕೀನಿ ನೋಡಪಾ

ದೊಡ್ಡಪ್ಪ, 7:50
ಶುಭೋದಯ. ವೋಡ್ಕಾ ಅಂದ್ರ ದಾರೂ ಅಲ್ಲೇನು?

ವಕೀಲ ಮಾಮಾ, 7:51
ಬರದವರು ಯಾರು? ಆಧಾರ ಏನು?

ಬಾಗಲಕೋಟಿ ಅತ್ತಿ, 7:51
ನಮ್ಮ ಯೋಗಾ ಗುಂಪಿನ್ಯಾಗ ಬಂದದ್ದು

ವಕೀಲ ಮಾಮಾ, 7:52
ಹೆಚ್ಚಿದ ಉಳ್ಳಾಗಡ್ಡಿ ವಿಷ ಅಂತ ಬಂದದ್ದೂ ಅದ ಗುಂಪಿನ್ಯಾಗ. ಆಧಾರ ಕೇಳೀನಿ, ವಿಳಾಸ ಅಲ್ಲ.

ಬಾಗಲಕೋಟಿ ಅತ್ತಿ, 7:52
ನಾ ಅಡಗಿ ಮನ್ಯಾಗ ಅದೀನಿ. ಏನಿದ್ರೂ ಎದ್ದು ಬಂದು ಹೇಳ್ರಿ

ಬೆಳಗಾವಿ ತಮ್ಮ, 8:10
ಅತ್ತಿ, ಇದು ಅರ್ಧ ಖರೆ, ಅರ್ಧ ಸುಳ್ಳು. ನೈಟ್ರೇಟ್ ಸೊನ್ನೆ ಆದ್ರ ಹವಳ ಉಪವಾಸ ಬೀಳ್ತೈತಿ. ಅದರ ಮೈಯೊಳಗ ಪಾಚಿಯಂಥ ಸಣ್ಣ ಜೀವಕೋಶ ಇರ್ತಾವ, ಬೆಳಕಿನಿಂದ ಊಟ ಮಾಡಿ ಹಾಕೂವು ಅವ. ಅವಕ್ಕ ನೈಟ್ರೇಟಿನ ಸಾರಜನಕ, ಫಾಸ್ಫೇಟಿನ ರಂಜಕ ಎರಡೂ ಬೇಕು. ನೈಟ್ರೇಟ್ 5ರಿಂದ 10 ಪಿಪಿಎಂ (ಲೀಟರಿಗೆ ಮಿಲಿಗ್ರಾಂ), ಫಾಸ್ಫೇಟ್ 0.03ರಿಂದ 0.1, ಇಷ್ಟಿದ್ರ ಛಲೋ. ಎರಡೂ ಸೊನ್ನೆಗೆ ಬಂದ್ರ ಪಾಚಿ ಹೋಗಿ ಡೈನೋಫ್ಲಾಜೆಲೇಟ್ ಬರ್ತೈತಿ: ಸಿಂಬಳದಂಥ ಕಂದು ಎಳಿ, ತುದಿಗೆ ಗಾಳಿ ಗುಳ್ಳಿ. ಪಾಚಿಗಿಂತ ನೂರು ಪಾಲು ಕಾಟ ಅದು.

ಪುಣೇದ ಅಣ್ಣ, 8:14
ಸಿಂಬಳ 😂

ವಕೀಲ ಮಾಮಾ, 8:15
ನಿನಗೂ ಅದ ಪ್ರಶ್ನಿ. ಆಧಾರ?

ಬೆಳಗಾವಿ ತಮ್ಮ, 8:19
ಸೌತಾಂಪ್ಟನ್ ವಿಶ್ವವಿದ್ಯಾಲಯದವರು 2013ರಾಗ ‘ನೇಚರ್ ಕ್ಲೈಮೇಟ್ ಚೇಂಜ್’ ಪತ್ರಿಕಾದಾಗ ಬರದಾರ ಮಾಮಾ. ನೈಟ್ರೇಟ್ ಏರಿ ಫಾಸ್ಫೇಟ್ ಸಾಲದಂಗ ಆದ್ರ ಬಿಸಿಲು, ಸೆಕಿ ತಡಕೊಳ್ಳಾರದ ಹವಳ ಬೆಳ್ಳಗಾಗ್ತೈತಿ. ಕಬ್ಬಿಣದ ಪುಡಿ ಎರಡು ಪಟ್ಟು ಹಾಕಿದ್ರ ಆಗೂದು ಅದ. ಫಾಸ್ಫೇಟ್ ಒಂದ ರಾತ್ರಿಯಾಗ ಹೋಗ್ತೈತಿ, ನೈಟ್ರೇಟ್ ಅಲ್ಲೇ ಕುಂತಿರ್ತೈತಿ. ಡಬ್ಬಿ ಮ್ಯಾಲೆ ಬರದದ್ದರ ಕಾಲು ಭಾಗದಿಂದ ಶುರು ಮಾಡಿ, ಎರಡು ದಿನಕ್ಕೊಮ್ಮೆ ಅಳೀಬೇಕು.

ವಕೀಲ ಮಾಮಾ, 8:24
ನಾನೂ ಹುಡುಕೀನಿ. ರೆಡ್‌ಫೀಲ್ಡ್ ಅಂತೊಬ್ಬ ವಿಜ್ಞಾನಿ ಹೇಳ್ಯಾನ, ಸಾರಜನಕ 16 ಇದ್ರ ರಂಜಕ 1. ನಿಂದು 5ಕ್ಕ 0.05, ಅಂದ್ರ ನೂರಕ್ಕ ಒಂದು. ತಪ್ಪಲ್ಲ?

ಬೆಳಗಾವಿ ತಮ್ಮ, 8:29
ಅದು ಸಮುದ್ರದ ಪ್ಲ್ಯಾಂಕ್ಟನ್ (ನೀರಾಗ ತೇಲೂ ಸಣ್ಣ ಜೀವಿ) ಮೈಯಾಗಿನ ಪರಮಾಣುಗಳ ಲೆಕ್ಕ. ಕಿಟ್ ತೋರಿಸೂ ನೈಟ್ರೇಟ್–ಫಾಸ್ಫೇಟ್ ತೂಕಕ್ಕ ತಿರುಗಿಸಿದ್ರ 16 ಅಲ್ಲ, ಸುಮಾರು 10ಕ್ಕ 1 ಬರ್ತೈತಿ. ತೊಟ್ಟಿಯಾಗ ಆ ಅನುಪಾತ ಹಿಡಕೊಂಡು ಕುಂಡ್ರಬಾರದು. ಎರಡರಾಗ ಯಾವದೂ ಸೊನ್ನೆ ಮುಟ್ಟಬಾರದು, ಯಾವದೂ ಒಮ್ಮೆಲೇ ಜಿಗೀಬಾರದು, ಅಷ್ಟ.

ಬೆಳಗಾವಿ ತಮ್ಮ, 8:30
📷 ಇವತ್ತಿಂದು

ಬಾಗಲಕೋಟಿ ಅತ್ತಿ, 8:31
ಅಯ್ಯ, ಮೀಟರಿನ್ಯಾಗ 16 ಐತಲ್ಲೋ! ಸೊನ್ನೆ ಅಂದ್ರ ಹದಿನಾರು ಇಟ್ಟೀಯಲ್ಲ

ಬೆಳಗಾವಿ ತಮ್ಮ, 8:33
ಅತ್ತಿ, ಅದು ರಂಜಕ, ಅದೂ ಪಿಪಿಬಿ ಒಳಗ, ಅಂದ್ರ ಪಿಪಿಎಂದ ಸಾವಿರದಾಗ ಒಂದು ಪಾಲು. 3.07ರಿಂದ ಗುಣಿಸಿ ಸಾವಿರದಿಂದ ಭಾಗಿಸ್ರಿ, 0.05 ಪಿಪಿಎಂ ಫಾಸ್ಫೇಟ್. ಗಾಜಿನ ಶೀಸೆ ಮ್ಯಾಲೆ ಬೆರಳಿನ ಎಣ್ಣಿ ಗುರುತು ಇದ್ರೂ ನಾಲ್ಕೈದು ಹೆಚ್ಚಿಗಿ ತೋರಿಸ್ತೈತಿ. ಒರೆಸಿ ಇಡಬೇಕು.

ದೊಡ್ಡಪ್ಪ, 8:40
ನಮ್ಮ ಕಾಲದಾಗ ತಾಮ್ರದ ಹಂಡೆಯಾಗ ರಾತ್ರಿ ನೀರು ತುಂಬಿ ಇಡ್ತಿದ್ರು. ಯಾವ ಮೀಟರ್ ಬೇಕಿದ್ದಿಲ್ಲ. ಆ ನೀರು ಹಾಕು, ಎಲ್ಲಾ ಶುದ್ಧ ಆಗ್ತೈತಿ. ದಾರೂ ಬಾಟ್ಲಿ ಮನಿಯೊಳಗ ಬರಬಾರದು.

ಬೆಳಗಾವಿ ತಮ್ಮ, 8:42
ದೊಡ್ಡಪ್ಪಾ, ದಯಮಾಡಿ ಬ್ಯಾಡ್ರಿ. ತಾಮ್ರ ಒಂದಿಷ್ಟು ಹೋದ್ರೂ ಸೀಗಡಿ, ಶಂಖದ ಹುಳ, ಹವಳ ಎಲ್ಲಾ ಸಾಯ್ತಾವ.

ಪುಣೇದ ಅಣ್ಣ, 8:44
ಹಂಡೆ ಅಂದ್ಕೂಡ್ಲೇ ಹಳೇ ಬಾಗಲಕೋಟಿ ಮನಿ ನೆನಪಾತು. ಕಿಲ್ಲಾದಾಗಿನ ಓಣಿ, ಘಟಪ್ರಭಾದಾಗ ಟಾವೆಲ್ ಹಿಡಿದು ಮೀನಾ ಹಿಡೀತಿದ್ವಿ. ಕೊಡದಾಗ ಹಾಕಿ ತಂದ್ರ ಅಜ್ಜಿ ಕೊಡಾ ಸಮೇತ ಹೊರಗ ಹಾಕ್ತಿದ್ಲು. ಈಗ ಓಣಿ ಆಲಮಟ್ಟಿ ಹಿನ್ನೀರಿನ್ಯಾಗ…

ಬಾಗಲಕೋಟಿ ಅತ್ತಿ, 8:45
ಆ ಕೊಡಾ ನನ್ನ ಮದುವಿದು. ಅದು ಯಾರ ಮನಿಗೆ ಹೋತಂತ ಇವತ್ತಿಗೂ ಯಾರೂ ಹೇಳಿಲ್ಲ

ತಿಕೋಟಾ ಕಾಕಾ, 8:46
ಮತ್ತ ಶುರು ಆತು

ವಕೀಲ ಮಾಮಾ, 8:49
ಕಾನೂನಿನ ಮಾತು ಹೇಳ್ತೀನಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972, ಒಂದನೇ ಅನುಸೂಚಿ. ಸಮುದ್ರದಾಗ ಬಂಡೆಗಲ್ಲು ಕಟ್ಟೂ ಕಲ್ಲಿನ ಹವಳ ಹುಲಿ ಇದ್ದ ಪಟ್ಟಿಯಾಗ ಐತಿ. ಮನ್ಯಾಗ ಇಟ್ಟರ ಜಾಮೀನಿಗೆ ನನ್ನ ಕಡೆ ಬರಬ್ಯಾಡ.

ಬೆಳಗಾವಿ ತಮ್ಮ, 8:52
ಗೊತ್ತೈತಿ ಮಾಮಾ. ಇರೂವು ಬರೇ ಮೆದು ಹವಳ: ಝೋಆಂಥಸ್, ಮಶ್ರೂಮ್. ತೊಟ್ಟಿಯಾಗಿನ ಬಂಡೆಗಲ್ಲು ಸೈತ ಸುಟ್ಟ ಮಣ್ಣಿಂದು.

ತಿಕೋಟಾ ಕಾಕಾ, 9:05
ಗೊಬ್ಬರದ ಮಾತು ಬಂತಂತ ಕೇಳ್ತೀನಿ. ಸೊನ್ನೆಗೆ ಬಂದ್ರ ಏನ್ ಮಾಡ್ತಿ? ನಮ್ಮ ದ್ರಾಕ್ಷಿಗೆ ಹೊಡಿಯೂ 13-0-45 (ಪೊಟ್ಯಾಸಿಯಂ ನೈಟ್ರೇಟ್) ಐತಿ, 0-52-34 (ಮೊನೊಪೊಟ್ಯಾಸಿಯಂ ಫಾಸ್ಫೇಟ್) ಐತಿ. ಆದ್ರ ನೆನಪಿಡು, ಚೀಲದ ಮ್ಯಾಲಿನ 52 ಅಂದ್ರ ರಂಜಕ ಅಲ್ಲ, ಪಿ2ಒ5, ಅಂದ್ರ ಆಮ್ಲಜನಕ ಕೂಡಿದ ರಂಜಕ. ಬರೇ ರಂಜಕ ಅಂದ್ರ 23ರ ಆಸುಪಾಸು.

ಬೆಳಗಾವಿ ತಮ್ಮ, 9:12
ಕಾಕಾ, ಉಪ್ಪು ಅವ, ಆದ್ರ ಲ್ಯಾಬ್ ದರ್ಜೆದು ತರಬೇಕು. ಗೊಬ್ಬರದ ಕೆಲವು ಚೀಲದಾಗ ಲಘು ಪೋಷಕಾಂಶ ಅಂತ ತಾಮ್ರ, ಸತು ಕೂಡಿಸಿರ್ತಾರ. 200 ಲೀಟರ್ ನೀರಿಗೆ ಲೆಕ್ಕ ಹಿಂಗ: ಪೊಟ್ಯಾಸಿಯಂ ನೈಟ್ರೇಟ್ 16.3 ಗ್ರಾಂ ಒಂದು ಲೀಟರ್ ಆರ್‌ಓ ನೀರಾಗ ಕಲಸಿದ್ರ, 20 ಮಿಲಿಗೆ 1 ಪಿಪಿಎಂ ಏರ್ತೈತಿ. ಮೊನೊಪೊಟ್ಯಾಸಿಯಂ ಫಾಸ್ಫೇಟ್ 1.43 ಗ್ರಾಂ ಇನ್ನೊಂದು ಲೀಟರಿಗೆ, 2 ಮಿಲಿಗೆ 0.01. ಬಾಟ್ಲಿ ಬ್ಯಾರೆ ಬ್ಯಾರೆ ಇಡಬೇಕು. ಫಾಸ್ಫೇಟ್ ಹಾಕಿದ ಮರುದಿನ ಅಳದ್ರ ಮತ್ತ ಸೊನ್ನೆ ತೋರಿಸ್ತೈತಿ, ಬಂಡೆಗಲ್ಲು ಹೀರಕೊಂಡಿರ್ತಾವ. ಸಿಟ್ಟಿಗೆದ್ದು ಹತ್ತು ಪಟ್ಟು ಹಾಕಬಾರದು. ದಿನಾ ಅಷ್ಟಷ್ಟ ಹಾಕ್ತಾ ಹೋದ್ರ ಬಂಡೆಗಲ್ಲು ತುಂಬಿದ ಮ್ಯಾಲೆ ನೀರಾಗ ಉಳೀತೈತಿ.

ತಿಕೋಟಾ ಕಾಕಾ, 9:14
ನಾ ಕೊಟ್ಟ ನೀಲಿ ಬಕೆಟ್?

ಬೆಳಗಾವಿ ತಮ್ಮ, 9:15
ಅದರಾಗ ಮೈಲುತುತ್ತ ಕಲಸಿದ್ರಿ ಅಲ್ಲ ಕಾಕಾ. ತೊಟ್ಟಿ ಹತ್ತಿರ ಸೈತ ತರೂದಿಲ್ಲ

ತಿಕೋಟಾ ಕಾಕಾ, 9:15
ಹಂಗಾರ ವಾಪಸ್ ಕೊಡು

ನಾನು, 9:20
ನೀರು ಎಲ್ಲಿಂದ ತರ್ತಿ? ವಿಜಯಪುರದ ಮನಿ ಬೋರಿನ ನೀರಿಗೆ ಟಿಡಿಎಸ್ ಮೀಟರ್ ಹಿಡಿದ್ರ ಸಾವಿರದ ಹತ್ತಿರ ತೋರಿಸ್ತೈತಿ

ಬೆಳಗಾವಿ ತಮ್ಮ, 9:23
ಆರ್‌ಓ ಆದ ಮ್ಯಾಲೆ ಡಿಐ ರಾಳ (ಉಳಿದ ಉಪ್ಪು ಹಿಡಿಯೂದು) ಹಾಕಬೇಕು ಅಕ್ಕಾ, ಟಿಡಿಎಸ್ ಸೊನ್ನೆ. ಸೊನ್ನೆ ಇರಬೇಕಾದ್ದು ಇದೊಂದ. ಕುಡಿಯೂ ಆರ್‌ಓದಾಗ ರುಚಿ ಸಲುವಾಗಿ ಹಸಿ ನೀರು ಬೆರಸೂ ಸ್ಕ್ರೂ ಇರ್ತೈತಿ. ಹೊಲದ ಬೋರಿನ ನೈಟ್ರೇಟ್ ಅಲ್ಲಿಂದ ಒಳಗ ಬರ್ತೈತಿ.

ದೊಡ್ಡಪ್ಪ, 9:31
ಎಲ್ಲಾ ಓದೀನಿ. ದಾರೂ ಮಾತು ಯಾರೂ ಎತ್ತವಲ್ರಿ.

ಬೆಳಗಾವಿ ತಮ್ಮ, 9:40
ದೊಡ್ಡಪ್ಪಾ, ವೋಡ್ಕಾ ಮೀನಿಗೆ ಅಲ್ರಿ, ಬ್ಯಾಕ್ಟೀರಿಯಾಕ್ಕ. ಅವು ಅದನ್ನ ತಿಂದು ಬೆಳೀವಾಗ ನೈಟ್ರೇಟ್, ಫಾಸ್ಫೇಟ್ ಮೈಯೊಳಗ ತಗೋತಾವ. ಸ್ಕಿಮ್ಮರ್ ಅವನ್ನ ನೊರಿ ಜೋಡಿ ಹೊರಗ ಹಾಕ್ತೈತಿ. ಸ್ಕಿಮ್ಮರ್ ಇಲ್ಲದ ತೊಟ್ಟಿಗೆ ಹಾಕಲೇಬಾರದು. 200 ಲೀಟರಿಗೆ ಮೊದಲ ಮೂರು ದಿನ 0.2 ಮಿಲಿ, ಮುಂದ ನಾಲ್ಕು ದಿನ 0.4, ಆಮ್ಯಾಲೆ ವಾರಕ್ಕ ದಿನದ ಅಳತಿ 0.5 ಏರಿಸೂದು. ಇನ್ಸುಲಿನ್ ಸಿರಿಂಜಿನ್ಯಾಗ ಅಳೀಬೇಕು. ಒಂದು ಮುಚ್ಚಳ ಅಂದ್ರ ಕಡಿಮಿ ಅಂದ್ರೂ 5 ಮಿಲಿ, ಮೊದಲ ದಿನದ್ದರ 25 ಪಟ್ಟು. ನೀರು ಹಾಲಿನಂಗ ಆಗಿ, ರಾತ್ರಿ ಆಮ್ಲಜನಕ ಇಳಿದು, ಬೆಳಿಗ್ಗೆ ಮೀನಾ ಮ್ಯಾಲೆ ಬಂದು ಬಾಯಿ ಬಡೀತಿರ್ತಾವ. ನಾಲ್ಕು ವಾರಕ್ಕ ನೈಟ್ರೇಟ್ ಇಳೀತು, ಅಳತಿ ಅರ್ಧಕ್ಕ ತಂದು ವೋಡ್ಕಾ ಬಿಟ್ಟೀನಿ. ಈಗ ಬಿಳಿ ವಿನೆಗರ್, ವೋಡ್ಕಾದ ಎಂಟು ಪಟ್ಟು ಲೆಕ್ಕದಾಗ ದಿನಕ್ಕ 8 ಮಿಲಿ.

ದೊಡ್ಡಪ್ಪ, 9:44
ವಿನೆಗರ್ ಆದ್ರ ಅಡ್ಡಿಯಿಲ್ಲ. 👍

ವಕೀಲ ಮಾಮಾ, 9:58
ಒಂದು ನಿಮಿಷ. ಅವನ ಲೆಕ್ಕನ ಹಿಡೀತೀನಿ. ಮೊದಲ ವಾರ 2.2 ಮಿಲಿ. ಎರಡನೇದು ದಿನಕ್ಕ 0.9, ಅಂದ್ರ 6.3. ಮೂರನೇದು 9.8. ನಾಲ್ಕನೇದು 13.3. ಒಟ್ಟು 31.6. ಕ್ವಾರ್ಟರ್ ಬಾಟ್ಲಿ 180. ದೀಪಾವಳಿಗೆ ಬಂದಾಗ ಸಿಂಕ್ ಕೆಳಗ ನಾ ಕಣ್ಣಾರೆ ನೋಡೀನಿ, ತಳದಾಗ ಎರಡು ಬೆರಳು ಉಳಿದಿತ್ತು.

ಬಾಗಲಕೋಟಿ ಅತ್ತಿ, 9:58
ನೋಡ್ರಿ! ನಾ ಸುಮ್ನ ಫಾರ್ವರ್ಡ್ ಮಾಡೀನೇನು

ಬೆಳಗಾವಿ ತಮ್ಮ, 10:01
🚫 ಈ ಸಂದೇಶವನ್ನು ಅಳಿಸಲಾಗಿದೆ

ತಿಕೋಟಾ ಕಾಕಾ, 10:02
ಅಳಸೂಕಿಂತ ಮೊದಲ ನಾ ಓದೀನಿ. ಬಕೆಟ್ ಇಟ್ಟುಕೋ.