ಪ್ರಾಸ್ಟೇಟ್ ಕ್ಯಾನ್ಸರ್: ಆಪರೇಶನ್ನೋ ರೇಡಿಯೇಶನ್ನೋ? ಅನುಭವ ಇರುವವರು ತಿಳಿಸಿ

ಹೊಸಬ57:
ಎಲ್ಲರಿಗೂ ನಮಸ್ಕಾರ. ವಯಸ್ಸು 57. ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯ ರಕ್ತಪರೀಕ್ಷೆಯ ಅಂಕಿ) 8.4. ಎಂಆರ್‌ಐಯಲ್ಲಿ ಎಡಗಡೆ ಗಂಟು ಕಂಡಿದೆ. ಬಯಾಪ್ಸಿಯಲ್ಲಿ 12 ತುಣುಕುಗಳ ಪೈಕಿ 4ರಲ್ಲಿ ಕ್ಯಾನ್ಸರ್, ಗ್ಲೀಸನ್ (ಕ್ಯಾನ್ಸರ್ ಕೋಶ ಎಷ್ಟು ಕೆಟ್ಟದ್ದು ಅನ್ನುವ ಅಂಕ) 3+4, ಅಂದರೆ ಹೆಚ್ಚಿನ ಪಾಲು ಮೂರನೇ ಮಾದರಿ, ಉಳಿದದ್ದು ನಾಲ್ಕನೇದು. ಗ್ರಂಥಿಯಿಂದ ಆಚೆ ಹೋಗಿಲ್ಲ ಅಂದಿದ್ದಾರೆ. ಸರ್ಜನ್ ರೋಬೋಟ್ ಆಪರೇಶನ್ ಮಾಡಿಸಿ ಅಂತಾರೆ, ರೇಡಿಯೇಶನ್ ಡಾಕ್ಟರು ಅದು ಬೇಡ ಅಂತಾರೆ. ಎದೆನೋವಿಗೆ ದಿನಾ ಐಸೋಸಾರ್ಬೈಡ್ ಮತ್ತು ಆಸ್ಪಿರಿನ್ ನಡೀತಿದೆ. ಮೂತ್ರ ಸೋರುವುದು, ಗಂಡಸುತನ ಹೋಗುವುದು, ಇವೆರಡರಲ್ಲಿ ಯಾವ ದಾರಿಗೆ ನಷ್ಟ ಕಡಿಮೆ? ದಯವಿಟ್ಟು ಹೇಳಿ.

ನರಉಳಿಸಿ:
ಆಪರೇಶನ್. ನಾನು ಆರಿಸಿಕೊಂಡದ್ದೂ ಅದೇ, ಇವತ್ತಿಗೂ ಅದನ್ನೇ ಹೇಳುತ್ತೇನೆ. ನಿಮಿರುವಿಕೆಯ ನರಗಳ ಕಟ್ಟು ಗ್ರಂಥಿಯ ಎರಡೂ ಪಕ್ಕ, ಗಡಿಯಾರದ 5 ಮತ್ತು 7ರ ಜಾಗದಲ್ಲಿ ಹಾದುಹೋಗುತ್ತದೆ. 1982ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಪ್ಯಾಟ್ರಿಕ್ ವಾಲ್ಶ್ ಅದನ್ನು ಬಿಡಿಸಿ ಉಳಿಸುವ ವಿಧಾನದಲ್ಲಿ ಆಪರೇಶನ್ ಮಾಡಿದರು. ಹಾಗಾಗಿ ರೋಬೋಟ್ ಇದೆಯಾ ಅಂತ ಕೇಳುವುದರಲ್ಲಿ ಅರ್ಥ ಇಲ್ಲ. ಎಡಗಡೆ ಕಟ್ಟನ್ನು ಪೂರ್ತಿ ಉಳಿಸುತ್ತೀರಾ, ಭಾಗಶಃವಾ, ತೆಗೆದೇಬಿಡುತ್ತೀರಾ, ಎಂಆರ್‌ಐಯ ಯಾವ ಚಿತ್ರ ನೋಡಿ ಹೇಳುತ್ತಿದ್ದೀರಿ ಅಂತ ಕೇಳಿ. ಉತ್ತರ ತಡವರಿಸಿದರೆ ಬೇರೆ ಸರ್ಜನ್ ನೋಡಿ.

ಉಳಿಸಿದ ನರ ಕೂಡ ಎಳೆತಕ್ಕೆ, ಬಿಸಿಗೆ ಪೆಟ್ಟು ತಿಂದು ಮಲಗಿರುತ್ತದೆ. ಏಳಲು 18ರಿಂದ 24 ತಿಂಗಳು ಬೇಕಾಗಬಹುದು. ಆರನೇ ತಿಂಗಳಿಗೇ ಮುಗಿಯಿತು ಅಂತ ಕೂರುವವರೇ ಹೆಚ್ಚು. ಕ್ಯಾಥೆಟರ್ (ಮೂತ್ರ ಇಳಿಸುವ ಪೈಪ್) ಸಾಮಾನ್ಯವಾಗಿ 7ರಿಂದ 10 ದಿನ ಇರುತ್ತದೆ. ಆಗ ಪೈಪಿನ ಪಕ್ಕದಿಂದ ಮೂತ್ರ ಜಿನುಗಿದರೆ, ಚೀಲದಲ್ಲೂ ಮೂತ್ರ ಇಳಿಯುತ್ತಿದ್ದರೆ ಅದು ಮೂತ್ರಕೋಶದ ಸೆಳೆತ. ಚೀಲಕ್ಕೆ ಇಳಿಯುವುದೇ ನಿಂತು ಹೊಟ್ಟೆ ಉಬ್ಬಿದರೆ ಪೈಪ್ ಕಟ್ಟಿದೆ, ಆಗ ಕಾಯಬಾರದು. ಇನ್ನೊಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಆಮೇಲೆ ವೀರ್ಯ ಬರುವುದಿಲ್ಲ. ಸುಖದ ಅನುಭವ ಇರುತ್ತದೆ, ನಿಮಿರದಿದ್ದರೂ ಬರುತ್ತದೆ, ಆದರೆ ಒಣ. ಮಕ್ಕಳು ಬೇಕೆನ್ನುವವರು ಮೊದಲೇ ವೀರ್ಯ ಶೇಖರಿಸಿಡಬೇಕು.

ಕಿರಣಪಕ್ಷ:
ಮೇಲಿನವರು ಮೊದಲ ಸಾಲಿನಲ್ಲೇ ತೀರ್ಪು ಕೊಟ್ಟುಬಿಟ್ಟರು. ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನದಲ್ಲಿ 1643 ಜನರನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು: ಆಪರೇಶನ್, ರೇಡಿಯೇಶನ್, ಬರೀ ನಿಗಾ (ಚಿಕಿತ್ಸೆ ಕೊಡದೆ ಪರೀಕ್ಷಿಸುತ್ತಾ ಕಾಯುವುದು). 15 ವರ್ಷದ ಫಲಿತಾಂಶ 2023ರಲ್ಲಿ ಬಂತು. ಪ್ರಾಸ್ಟೇಟ್ ಕ್ಯಾನ್ಸರಿನಿಂದ ಸತ್ತವರು ಒಟ್ಟು ಸುಮಾರು 3%, ಗುಂಪು ಗುಂಪಿಗೆ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಪ್ರಾಣಕ್ಕೆ ವ್ಯತ್ಯಾಸ ಇಲ್ಲದ ಮೇಲೆ ಪ್ಯಾಡ್ ಕಟ್ಟಿಕೊಳ್ಳುವ ದಾರಿ ಯಾಕೆ ಹಿಡಿಯಬೇಕು? ಸೋರಿಕೆ ಹೆಚ್ಚು ಕಂಡದ್ದು ಆಪರೇಶನ್ ಗುಂಪಿನಲ್ಲೇ.

ಹಿಂದೆ 37 ಸಲ ಹೋಗಿ 74 ಗ್ರೇ (ವಿಕಿರಣದ ಅಳತೆ) ಹಾಕಿಸಿಕೊಳ್ಳಬೇಕಿತ್ತು. ಈಗ 20 ಸಲಕ್ಕೆ 60 ಗ್ರೇ. ಕೆಲವರಿಗೆ 5 ಸಲಕ್ಕೆ 36.25. ಆದರೆ ಪ್ರತಿ ಸಲ ಮೂತ್ರಕೋಶ ತುಂಬಿರಬೇಕು, ಗುದನಾಳ ಖಾಲಿ ಇರಬೇಕು. ಮೊದಲು ಮೂತ್ರ ಮಾಡಿ, ಆಮೇಲೆ ಅವರು ಹೇಳಿದಷ್ಟೇ ನೀರು (ಸಾಮಾನ್ಯವಾಗಿ 350ರಿಂದ 500 ಮಿ.ಲೀ.) ಕುಡಿದು, ಅರ್ಧ ಮುಕ್ಕಾಲು ಗಂಟೆ ಕಾಯಬೇಕು. ಗುದನಾಳದಲ್ಲಿ ಗಾಳಿ ತುಂಬಿದ್ದರೆ ಗ್ರಂಥಿ ಮುಂದಕ್ಕೆ ತಳ್ಳಿಕೊಂಡು ಗುರಿ ತಪ್ಪುತ್ತದೆ. ಅಂಥ ದಿನ ಸ್ಕ್ಯಾನ್ ನೋಡಿ ಟೇಬಲ್ಲಿನಿಂದ ಎಬ್ಬಿಸಿ ಕಳಿಸುತ್ತಾರೆ, ಮತ್ತೆ ಮೊದಲಿಂದ. ಗ್ಯಾಸ್ ಮಾಡುವ ಕಾಳು, ಸೋಡಾ ಆ ವಾರಗಳಲ್ಲಿ ಬಿಡಿ.

ಇದನ್ನು ಬರೆದಿಟ್ಟುಕೊಳ್ಳಿ: ವರ್ಷ ಎರಡು ವರ್ಷದ ನಂತರ ಮಲದಲ್ಲಿ ರಕ್ತ ಕಂಡು ಕೊಲೊನೋಸ್ಕೋಪಿ ಮಾಡುವಾಗ, ರೇಡಿಯೇಶನ್ ಆಗಿದೆ ಅಂತ ಮೊದಲೇ ಹೇಳಬೇಕು. ಗುದನಾಳದ ಮುಂಭಾಗದ ಗೋಡೆಯಿಂದ ಸುಮ್ಮನೆ ತುಣುಕು ತೆಗೆದರೆ ಗಾಯ ಮಾಯದೆ ತೂತು ಬೀಳುವ ಅಪಾಯ ಇದೆ.

ನರಉಳಿಸಿ:
ನಿಮಿರುವಿಕೆ ಬಗ್ಗೆ ಒಂದಕ್ಷರ ಬರೆಯಲಿಲ್ಲ, ಗಮನಿಸಿ. ರೇಡಿಯೇಶನ್ ಆದವರಿಗೆ ಮೊದಲ ವರ್ಷ ಚೆನ್ನಾಗಿರುತ್ತದೆ, ಆಮೇಲೆ ರಕ್ತನಾಳ ಸಣ್ಣಗಾಗುತ್ತಾ ಎರಡರಿಂದ ಐದು ವರ್ಷದಲ್ಲಿ ಇಳಿಯುತ್ತದೆ. ನಿಧಾನವಾಗಿ ಹೋದದ್ದು ಹೋದ ಲೆಕ್ಕ ಅಲ್ಲವೇ? ಆಪರೇಶನ್ ನಂತರ ಕ್ಯಾನ್ಸರ್ ಮರಳಿದರೆ ರೇಡಿಯೇಶನ್ ಕೈಯಲ್ಲಿರುತ್ತದೆ. ರೇಡಿಯೇಶನ್ ಆದ ಜಾಗದಲ್ಲಿ ಆಪರೇಶನ್ ಮಾಡಲು ಒಪ್ಪುವ ಸರ್ಜನ್ ಕಡಿಮೆ, ಅಂಟಿಕೊಂಡಿರುತ್ತದೆ. ಜೊತೆಗೆ ಹಾರ್ಮೋನ್ ಇಂಜೆಕ್ಷನ್ ಬೇರೆ. ಆಸೆಯನ್ನೇ ಆರಿಸಿಬಿಡುತ್ತದೆ.

ಕಿರಣಪಕ್ಷ:
ಸುಳ್ಳು ಹೆದರಿಸಬೇಡಿ. 3+4, ಪಿಎಸ್‌ಎ 10ರ ಒಳಗೆ, ಅರ್ಧಕ್ಕಿಂತ ಕಡಿಮೆ ತುಣುಕುಗಳಲ್ಲಿ ಕ್ಯಾನ್ಸರ್. ಇದು ಮಧ್ಯಮ ಅಪಾಯದಲ್ಲೂ ಒಳ್ಳೆಯ ಕಡೆಯ ಗುಂಪು. ಇದಕ್ಕೆ ಸಾಮಾನ್ಯವಾಗಿ ಹಾರ್ಮೋನ್ ಬೇಕಾಗುವುದಿಲ್ಲ. 4+3 ಆದರೆ ನಾಲ್ಕರಿಂದ ಆರು ತಿಂಗಳು, ಹೆಚ್ಚಿನ ಅಪಾಯ ಆದರೆ 18ರಿಂದ 36 ತಿಂಗಳು. ಅದನ್ನು ಇಲ್ಲಿ ತಂದು ಸೇರಿಸುವುದು ಅನ್ಯಾಯ.

ಗಣಿತಮೇಷ್ಟ್ರು:
ಇಬ್ಬರೂ ನಿಗಾ ಅನ್ನುವ ಮೂರನೇ ದಾರಿಯನ್ನು ಮರೆತಿರಿ. 3+4ರಲ್ಲಿ ನಾಲ್ಕನೇ ಮಾದರಿಯ ಕೋಶ ಎಷ್ಟು ಶೇಕಡಾ ಅಂತ ಬಯಾಪ್ಸಿ ವರದಿಯಲ್ಲಿ ಇರಬೇಕು, ಕ್ರಿಬ್ರಿಫಾರ್ಮ್ (ಜರಡಿಯಂತೆ ತೂತುತೂತಾಗಿ ಕಾಣುವ, ಹೆಚ್ಚು ಅಪಾಯದ ಕೋಶಜೋಡಣೆ) ಇದೆಯೋ ಇಲ್ಲವೋ ಇರಬೇಕು. ಇಲ್ಲದಿದ್ದರೆ ಗಾಜಿನ ಸ್ಲೈಡನ್ನು ಇನ್ನೊಬ್ಬ ಪೆಥಾಲಜಿಸ್ಟ್ ಕಣ್ಣಿಗೆ ಬೀಳಿಸಿ. ಶೇಕಡಾ ತೀರಾ ಕಡಿಮೆ ಇದ್ದು ಕ್ರಿಬ್ರಿಫಾರ್ಮ್ ಇಲ್ಲದಿದ್ದರೆ ಕೆಲವರಿಗೆ ಕಾದು ನೋಡುವುದೂ ನ್ಯಾಯವೇ. ಕ್ರಿಬ್ರಿಫಾರ್ಮ್ ಇದ್ದರೆ ಕಾಯುವ ಮಾತು ಬೇಡ.

ಮರಳಿಬಂದೆ:
ಯಾವುದು ಮಾಡಿಸಿದರೂ ನಿಮಿರುವಿಕೆಯ ಮಾತ್ರೆ ಬೇಗ ಶುರು ಮಾಡಿ. ಕ್ಯಾಥೆಟರ್ ತೆಗೆದ ವಾರದಿಂದಲೇ ದಿನಾ 5 ಮಿ.ಗ್ರಾಂ. ತಡಾಲಾಫಿಲ್. ಬೇಕಾದ ದಿನಕ್ಕೆ ಸಿಲ್ಡೆನಾಫಿಲ್ 50ರಿಂದ 100, ಒಂದು ಗಂಟೆ ಮೊದಲು, ಖಾಲಿ ಹೊಟ್ಟೆಯಲ್ಲಿ. ಎಣ್ಣೆ ತುಪ್ಪದ ಊಟದ ಮೇಲೆ ನುಂಗಿ ಕೆಲಸ ಮಾಡಲಿಲ್ಲ ಅನ್ನುವವರೇ ಜಾಸ್ತಿ. ರಕ್ತ ಓಡಾಡದಿದ್ದರೆ ಒಳಗಿನ ಅಂಗಾಂಶ ನಾರಾಗುತ್ತದೆ, ಉದ್ದವೂ ಕುಗ್ಗುತ್ತದೆ.

ಗಣಿತಮೇಷ್ಟ್ರು:
ದಿನದ ಮಾತ್ರೆಯಿಂದ ನರ ಬೇಗ ಏಳುತ್ತದೆ ಅನ್ನುವುದಕ್ಕೆ ಆಧಾರ ದುರ್ಬಲ. ನರ ಉಳಿಸಿದ ಆಪರೇಶನ್ ಆದವರಿಗೆ ಒಂಬತ್ತು ತಿಂಗಳು ತಡಾಲಾಫಿಲ್ ಕೊಟ್ಟ ಅಧ್ಯಯನ 2014ರಲ್ಲಿ ಬಂತು. ಮಾತ್ರೆ ನಿಲ್ಲಿಸಿದ ಮೇಲೆ ಔಷಧಿಯಿಲ್ಲದ ಖೊಟ್ಟಿ ಮಾತ್ರೆ ನುಂಗಿದವರಿಗೂ ಇವರಿಗೂ ವ್ಯತ್ಯಾಸ ಕಾಣಲಿಲ್ಲ. ಉದ್ದದಲ್ಲಿ ನಾಲ್ಕು ಮಿ.ಮೀ. ಆಸುಪಾಸು ಉಳಿಯಿತು, ಅಷ್ಟೇ.

ಮರಳಿಬಂದೆ:
ಅಷ್ಟೇ ಅಂತೀರಲ್ಲ ಸರ್, ಕಳೆದುಕೊಂಡವರಿಗೆ ಅದು ಅಷ್ಟೇ ಅಲ್ಲ. ಮಾತ್ರೆ ಇರುವಾಗ ಫಲ ಕಂಡಿದೆ ಅನ್ನುವುದನ್ನು ಯಾಕೆ ನುಂಗಿದಿರಿ?

ಬೆಳಗಿನಹೊತ್ತು:
ದಯವಿಟ್ಟು ಎಲ್ಲರೂ ಒಂದು ನಿಮಿಷ ನಿಲ್ಲಿ. ಆತ ದಿನಾ ಐಸೋಸಾರ್ಬೈಡ್ ತಗೊಳ್ತಾರೆ ಅಂತ ಬರೆದಿದ್ದಾರೆ. ಅದು ನೈಟ್ರೇಟ್. ನೈಟ್ರೇಟ್ ಜೊತೆ ಸಿಲ್ಡೆನಾಫಿಲ್, ತಡಾಲಾಫಿಲ್ ಯಾವುದೂ ಕೂಡದು, ಬಿಪಿ ಕುಸಿದು ಪ್ರಾಣಕ್ಕೆ ಬರುತ್ತದೆ. ಸಿಲ್ಡೆನಾಫಿಲ್ ನುಂಗಿದ 24 ಗಂಟೆ, ತಡಾಲಾಫಿಲ್ ನುಂಗಿದ 48 ಗಂಟೆ ನೈಟ್ರೇಟ್ ಕೊಡಬಾರದು. ದಿನಾ ನೈಟ್ರೇಟ್ ಇದ್ದವರಿಗೆ ಆ ಬಿಡುವೇ ಸಿಗುವುದಿಲ್ಲ. ಮಾತ್ರೆಯ ಪ್ರಮಾಣ ಬರೆಯುವ ಮೊದಲು ಪ್ರಶ್ನೆ ಓದುವುದು ಅಷ್ಟು ಕಷ್ಟವೇ? ಹೊಸಬರೇ, ಐಸೋಸಾರ್ಬೈಡನ್ನು ನೀವಾಗಿ ನಿಲ್ಲಿಸಬೇಡಿ. ಬದಲಿ ಔಷಧಿ ಸಾಧ್ಯವೇ ಅಂತ ಹೃದಯದ ಡಾಕ್ಟರನ್ನು ಈಗಲೇ, ಆಪರೇಶನ್‌ಗೆ ಮೊದಲೇ ಕೇಳಿ.

ನಿಮಿರುವಿಕೆಗೆ ನಿಮಗೆ ಉಳಿಯುವುದು ವ್ಯಾಕ್ಯೂಮ್ ಪಂಪ್, ಶಿಶ್ನಕ್ಕೇ ಚುಚ್ಚುವ ಇಂಜೆಕ್ಷನ್, ಕೊನೆಗೆ ಇಂಪ್ಲಾಂಟ್ (ಒಳಗೆ ಕೂರಿಸುವ ಸಾಧನ). ಪಂಪಿನಲ್ಲಿ ಬುಡಕ್ಕೆ ಜೆಲ್ ಹಚ್ಚದಿದ್ದರೆ ಗಾಳಿ ಸೋರುತ್ತದೆ. ಬುಡದ ರಿಂಗ್ 30 ನಿಮಿಷಕ್ಕಿಂತ ಹೆಚ್ಚು ಇರಬಾರದು.

ಇಂಜೆಕ್ಷನ್ ಹೆಸರಿಗೇ ಬೆಚ್ಚಿಬೀಳುತ್ತಾರೆ, ಸೂಜಿ ಇನ್ಸುಲಿನ್ ಸೂಜಿಯಷ್ಟೇ ತೆಳು. ಅದರ ಔಷಧಿಯಾದ ಅಲ್ಪ್ರೊಸ್ಟಾಡಿಲ್‌ನ ಮೊದಲ ಡೋಸ್ ಕ್ಲಿನಿಕ್ಕಿನಲ್ಲೇ, 2.5 ಮೈಕ್ರೋಗ್ರಾಂನಷ್ಟು ಸಣ್ಣದರಿಂದ ಶುರು. ನರಕ್ಕೆ ಪೆಟ್ಟು ಬಿದ್ದವರಲ್ಲಿ ಸ್ವಲ್ಪಕ್ಕೇ ಜೋರಾಗಿ ಕೆಲಸ ಮಾಡುತ್ತದೆ. ಚುಚ್ಚುವುದು ಪಕ್ಕಕ್ಕೆ, ಗಡಿಯಾರದ 10 ಅಥವಾ 2ರ ಜಾಗದಲ್ಲಿ. ಶಿಶ್ನದ ಮೇಲ್ಭಾಗದ ನಡುವೆ ನರ ರಕ್ತನಾಳ ಇವೆ, ಕೆಳಗೆ ಮೂತ್ರನಾಳ. ಸೂಜಿ ನೇರ, ಪೂರ್ತಿ ಒಳಗೆ. ಒತ್ತುವಾಗ ಬಿಗಿಯಾಗಿ ತಡೆದರೆ ತುದಿ ಸರಿಯಾದ ಜಾಗದಲ್ಲಿಲ್ಲ, ಸ್ವಲ್ಪ ಹಿಂದೆಳೆಯಿರಿ. ಆಮೇಲೆ ಐದು ನಿಮಿಷ ಒತ್ತಿಹಿಡಿಯಬೇಕು, ಆಸ್ಪಿರಿನ್ ಇದ್ದವರು ಇನ್ನೂ ಹೆಚ್ಚು. ಒಂದು ಸಲ ಎಡ, ಇನ್ನೊಂದು ಸಲ ಬಲ. ವಾರಕ್ಕೆ ಮೂರಕ್ಕಿಂತ ಹೆಚ್ಚಿಲ್ಲ, ನಡುವೆ 24 ಗಂಟೆ. ನಾಲ್ಕು ಗಂಟೆ ಕಳೆದರೂ ಇಳಿಯದಿದ್ದರೆ ನಾಚಿಕೆ ಬಿಟ್ಟು ಎಮರ್ಜೆನ್ಸಿಗೆ ಹೋಗಿ. ಅಲ್ಲಿ ಕಟ್ಟಿದ ರಕ್ತ ಎಳೆದು, ರಕ್ತನಾಳ ಬಿಗಿಮಾಡುವ ಫಿನೈಲೆಫ್ರಿನ್ ಕೊಡುತ್ತಾರೆ, ಹೃದಯದ ತೊಂದರೆ ಇದೆ ಅಂತ ಮೊದಲೇ ಹೇಳಬೇಕು.

ಮರಳಿಬಂದೆ:
ಐಸೋಸಾರ್ಬೈಡ್ ವಿಷಯ ಮೇಡಂ ಹೇಳಿದ್ದು ಸರಿ. ಹೊಸಬರು ನನ್ನ ಮಾತ್ರೆಯ ಮಾತನ್ನು ಬಿಟ್ಟುಬಿಡಿ.

ಕಟ್ಟೆಭದ್ರ:
ಎಲ್ಲರೂ ಒಂದನ್ನೇ ಹಿಡಿದುಕೊಂಡಿದ್ದೀರಿ. ಮೂತ್ರ ಸೋರಿದರೆ ಮನೆಯಿಂದ ಹೊರಗೆ ಕಾಲಿಡಲಾಗುವುದಿಲ್ಲ. ಮೂತ್ರ ಹಿಡಿದಿಡುವ ತಳದ ಸ್ನಾಯುವಿನ ವ್ಯಾಯಾಮ ಆಪರೇಶನ್‌ಗೆ ಮೂರ್ನಾಲ್ಕು ವಾರ ಮೊದಲೇ ಶುರುವಾಗಬೇಕು. ಮೂತ್ರ ಹೊಯ್ಯುವಾಗ ನಡುವೆ ತಡೆದು ಅಭ್ಯಾಸ ಮಾಡಿದರೆ ಆಯಿತು.

ಬೆಳಗಿನಹೊತ್ತು:
ಅದು ತಪ್ಪು. ಸ್ನಾಯು ಯಾವುದು ಅಂತ ಗುರುತಿಸಲು ಒಂದು ಸಲ ತಡೆದು ನೋಡಿ, ಅಷ್ಟೇ. ದಿನಾ ಅದನ್ನೇ ಮಾಡಿದರೆ ಮೂತ್ರಕೋಶ ಪೂರ್ತಿ ಖಾಲಿಯಾಗದೆ ಸೋಂಕು ಬರಬಹುದು. ಶಿಶ್ನವನ್ನು ಒಳಕ್ಕೆ ಎಳೆದುಕೊಂಡ ಹಾಗೆ ಬಿಗಿಮಾಡಿ. ಹೊಟ್ಟೆ, ಪೃಷ್ಠ, ತೊಡೆ ಸಡಿಲ, ಉಸಿರು ಕಟ್ಟಬಾರದು. ಐದು ಸೆಕೆಂಡಿನಿಂದ ಹತ್ತಕ್ಕೆ ಏರಿಸುತ್ತಾ, ಅಷ್ಟೇ ಹೊತ್ತು ಬಿಡುತ್ತಾ, ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಕ್ಯಾಥೆಟರ್ ಇರುವಾಗ ಮಾತ್ರ ಬೇಡ. ಏಳುವ, ಕೆಮ್ಮುವ ಕ್ಷಣಕ್ಕೆ ಮುಂಚೆ ಬಿಗಿಮಾಡುವುದು ರೂಢಿಯಾಗಬೇಕು. ಕುರ್ಚಿಯಿಂದ ಏಳುವಾಗಲೇ ಹೆಚ್ಚು ಸೋರುವುದು.

ಕಟ್ಟೆಭದ್ರ:
ಸರಿ ಮೇಡಂ, ಒಪ್ಪಿದೆ. ಆದರೆ ದಿನಕ್ಕೆ ಎರಡು ಪ್ಯಾಡ್ ಅಂತ ಹೇಳುವವರ ಮಾತಿಗೆ ಅಳತೆಯೇ ಇಲ್ಲ. ಒಬ್ಬರ ಎರಡು ಪ್ಯಾಡ್ 20 ಗ್ರಾಂ, ಇನ್ನೊಬ್ಬರದು 400. ಒಣ ಪ್ಯಾಡ್ ತೂಗಿ, 24 ಗಂಟೆಯ ಒದ್ದೆ ಪ್ಯಾಡುಗಳನ್ನು ಜಿಪ್ ಚೀಲದಲ್ಲಿಟ್ಟು ತೂಗಿ, ಒಣ ತೂಕ ಕಳೆಯಿರಿ. ಒಂದು ಗ್ರಾಂ ಅಂದರೆ ಹೆಚ್ಚೂಕಡಿಮೆ ಒಂದು ಮಿ.ಲೀ. ವಾರಕ್ಕೊಮ್ಮೆ ಬರೆದಿಟ್ಟರೆ ಇಳಿಯುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ಆರು ತಿಂಗಳಾದರೂ ಇಳಿಯದೆ ನಿಂತಿದ್ದರೆ ಸ್ಲಿಂಗ್ (ಮೂತ್ರನಾಳಕ್ಕೆ ಆಸರೆಯ ಪಟ್ಟಿ), ಕೃತಕ ಸ್ಫಿಂಕ್ಟರ್ (ಮೂತ್ರನಾಳವನ್ನು ಮುಚ್ಚಿ ತೆರೆಯುವ ಸಾಧನ) ಬಗ್ಗೆ ಮಾತಾಡುವ ಹೊತ್ತು. ಕೂಡುವ ಹೊತ್ತಿಗೆ ಜಿನುಗುವವರು ಮೊದಲೇ ಮೂತ್ರಕೋಶ ಖಾಲಿ ಮಾಡಿ ಕಾಂಡೋಮ್ ಹಾಕಿ.

ನರಉಳಿಸಿ:
ಸೋರಿಕೆ ಇಳಿಯುತ್ತದೆ. ಪಿಎಸ್‌ಎ ಚಿಂತೆ ಮಾತ್ರ ರೇಡಿಯೇಶನ್ನಿನವರಿಗೆ ಜೀವನಪೂರ್ತಿ. ನಮ್ಮಲ್ಲಿ 0.1ರ ಕೆಳಗೆ ಇರಬೇಕು, 0.2 ದಾಟಿ ಮತ್ತೊಮ್ಮೆ ದಾಟಿದರೆ ಮರಳಿದೆ ಅಂತ ಲೆಕ್ಕ. ಸ್ಪಷ್ಟ.

ಕಿರಣಪಕ್ಷ:
ನಮ್ಮಲ್ಲೂ ಅಷ್ಟೇ ಸ್ಪಷ್ಟ. ಅತಿ ಕೆಳಗೆ ಇಳಿದ ಅಂಕಿಗೆ 2 ಸೇರಿಸಿ, ಅದನ್ನು ದಾಟಿದರೆ ಮಾತ್ರ. ಎರಡನೇ ವರ್ಷದ ಆಸುಪಾಸಿನಲ್ಲಿ ಒಮ್ಮೆ ಏರಿ ತಾನಾಗೇ ಇಳಿಯುವುದು ಸಾಮಾನ್ಯ. ನಿಮ್ಮವರೇ 0.03, 0.04 ನೋಡಿ ನಿದ್ದೆ ಬಿಡುವುದು.

ಗಣಿತಮೇಷ್ಟ್ರು:
0.03, 0.04ರ ನಡುವಿನ ಏರಿಳಿತ ಯಂತ್ರದ್ದೂ ಇರಬಹುದು. ಒಂದೇ ಲ್ಯಾಬ್, ಒಂದೇ ವಿಧಾನ ಇಟ್ಟುಕೊಳ್ಳಿ. ಆಪರೇಶನ್ ನಂತರದ ಮೊದಲ ಪರೀಕ್ಷೆ ಆರರಿಂದ ಎಂಟು ವಾರಕ್ಕೆ, ಅದಕ್ಕೂ ಮೊದಲು ಮಾಡಿಸಿದರೆ ಹಳೆಯ ಪಿಎಸ್‌ಎ ರಕ್ತದಲ್ಲಿ ಉಳಿದಿರಬಹುದು. ಹೊಸಬರೇ, ಗ್ರಂಥಿ ಊತಕ್ಕೆ ಅಂತ ಫಿನಾಸ್ಟರೈಡ್ ಅಥವಾ ಡ್ಯುಟಾಸ್ಟರೈಡ್ ತಿಂಗಳುಗಟ್ಟಲೆ ನುಂಗಿದ್ದೀರಾ? ಆರು ತಿಂಗಳು ದಾಟಿದ್ದರೆ ನಿಮ್ಮ 8.4 ಅನ್ನು ಹೆಚ್ಚೂಕಡಿಮೆ ಎರಡರಿಂದ ಗುಣಿಸಬೇಕು. ಹಾಗಾದರೆ 10 ದಾಟುತ್ತದೆ, ಕಿರಣಪಕ್ಷದವರು ಮೇಲೆ ಹೇಳಿದ ಗುಂಪು ಬದಲಾಗುತ್ತದೆ, ಹಾರ್ಮೋನ್ ಪ್ರಶ್ನೆಯೂ ಮತ್ತೆ ಎದ್ದು ಕೂರುತ್ತದೆ. ಅದನ್ನು ಮೊದಲು ಹೇಳಿ.