ಎಕೋ ಆದ ಮೇಲೂ ಹಾರ್ಟ್ ಎಂಆರ್‌ಐ ಬೇಕಾ?

ಗೋಣಿಕೊಪ್ಪದ ಮಗಳು:
ಅಪ್ಪನಿಗೆ 64. ಹೋದ ತಿಂಗಳು ಕಾಫಿ ಕೊಯ್ಲಿನ ಮಧ್ಯೆ ಎದೆ ಹಿಡಿದುಕೊಂಡು ಕಣದಲ್ಲೇ ಕೂತುಬಿಟ್ಟರು. ಗ್ಯಾಸ್ ಇರಬೇಕು ಅಂತ ಶುಂಠಿ ಕಷಾಯ ಕೊಟ್ಟು ಅರ್ಧ ದಿನ ಕಳೆದೆವು. ತಪ್ಪು ನಮ್ಮದೇ. ಮೈಸೂರು ಮುಟ್ಟುವಾಗ ರಾತ್ರಿಯಾಗಿತ್ತು. ಒಂದು ಸ್ಟೆಂಟ್ ಹಾಕಿದ್ದಾರೆ. ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಇಎಫ್, ಅಂದರೆ ಹೃದಯ ಪ್ರತಿ ಬಡಿತಕ್ಕೆ ಹೊರದೂಡುವ ರಕ್ತದ ಪಾಲು, ಶೇಕಡಾ 35. ಇನ್ನೂ ಎರಡು ಬ್ಲಾಕ್ ಇವೆ, ಬೈಪಾಸ್ ಬೇಕಾ ಅಂತ ನೋಡೋಕೆ ಎಂಆರ್‌ಐ ಮಾಡಿಸಿ ಅಂತಿದ್ದಾರೆ. ಎಕೋ ಸಾಲಲ್ವಾ? ಸ್ಟೆಂಟನ್ನು ಅಯಸ್ಕಾಂತ ಎಳೆಯಲ್ವಾ?

ಸುಂಟಿಕೊಪ್ಪದ ತೋಟದವ:
ನನಗೂ ಆಗಿದೆ ಮಗಳೇ, ಮಾಡಿಸು. ಹೃದಯದ ಗೋಡೆ ಎಲ್ಲಿ ಸರಿಯಾಗಿ ಅಲ್ಲಾಡುತ್ತಿಲ್ಲ ಅಂತ ಎಕೋ ಹೇಳುತ್ತದೆ. ಆ ಭಾಗ ಸತ್ತಿದೆಯಾ, ಸುಮ್ನೆ ಮಂಕಾಗಿದೆಯಾ ಅಂತ ಗೊತ್ತಾಗೋದು ಕಷ್ಟ. ಏಪ್ರಿಲ್ ಬಿಸಿಲಿಗೆ ಒಣಗಿದ ಗಿಡ ಕೀಳುವ ಮೊದಲು ಉಗುರಲ್ಲಿ ತೊಗಟೆ ಕೆರೆದು ಹಸಿರಿದೆಯಾ ನೋಡ್ತೀವಲ್ಲ, ಹಾಗೇ ಇದು.

ಕೈಯ ನರಕ್ಕೆ ಗ್ಯಾಡೋಲಿನಿಯಂ ಔಷಧಿ ಕೊಡುತ್ತಾರೆ. 10-15 ನಿಮಿಷ ಬಿಟ್ಟು ಚಿತ್ರ ತೆಗೆಯುತ್ತಾರೆ. ಜೀವ ಇರುವ ಮಾಂಸ ಕಪ್ಪು, ಗಾಯದ ಕಲೆ ಬಿಳಿ. ನನ್ನದರಲ್ಲಿ ಬಳೆಯ ಹಾಗೆ ಕಾಣುವ ಕಪ್ಪು ಗೋಡೆಯ ಒಳಗಡೆ ಒಂದು ಕಡೆ ಮಾತ್ರ ಬಿಳಿ ಅಂಚು ಇತ್ತು, ಗೋಡೆಯ ದಪ್ಪದಲ್ಲಿ ಕಾಲು ಭಾಗ. ಬಿಳಿ ಅರ್ಧ ದಪ್ಪ ದಾಟಿದ್ದರೆ ರಕ್ತ ಹರಿಸಿದರೂ ಆ ಜಾಗ ಚೇತರಿಸೋದು ಕಡಿಮೆ ಅಂದರು ಡಾಕ್ಟರು.

ಒಂದೇ ಸಿಟ್ಟು: ಒಂದು ಗಂಟೆ ಮಲಗಬೇಕು, ಟಕ ಟಕ ಸದ್ದು ಜೋರು ಅಂತ ನನಗೆ ಯಾರೂ ಮೊದಲೇ ಹೇಳಲಿಲ್ಲ. ‘ಉಸಿರು ಹಿಡಿಯಿರಿ’ ಅಂದಾಗೆಲ್ಲ ಕೆಮ್ಮಿ ಕೆಡಿಸಿದೆ.

ಸ್ಕ್ಯಾನ್ ರೂಮಿನವ, ವಿರಾಜಪೇಟೆ:
ಈಗಿನ ಸ್ಟೆಂಟ್‌ಗೆ ಏನೂ ಆಗಲ್ಲ, ಭಯ ಬೇಡ. ಪೇಸ್‌ಮೇಕರ್ ಅಥವಾ ಮೈಯೊಳಗೆ ಬೇರೆ ಲೋಹ ಏನಾದರೂ ಇದ್ದರೆ ಮೊದಲೇ ಹೇಳಿ. ಕ್ರಿಯಾಟಿನಿನ್ ರಿಪೋರ್ಟ್ ತನ್ನಿ, ಕಿಡ್ನಿ ತುಂಬಾ ಸೋತಿದ್ದರೆ ಈ ಔಷಧಿ ಕೊಡೋಕೆ ಯೋಚಿಸುತ್ತಾರೆ. ಉಡಿದಾರದ ತಾಯಿತ ಮನೆಯಲ್ಲೇ ಬಿಚ್ಚಿಡಿ, ಕೊನೇ ಗಳಿಗೆಯಲ್ಲಿ ಕತ್ತರಿ ಹುಡುಕೋದು ನಾವು! ಅಟ್ಯಾಕ್ ಆದ ಮೊದಲ ದಿನಗಳಲ್ಲಿ ಊತಕ್ಕೂ ಬಿಳಿ ಜಾಸ್ತಿ ಕಾಣುತ್ತದೆ. ನಿಮಗೆ ತಿಂಗಳಾಗಿದೆ, ಒಳ್ಳೆಯದೇ.

ಗೋಣಿಕೊಪ್ಪದ ಮಗಳು:
ಗುರುವಾರಕ್ಕೆ ಬುಕ್ ಮಾಡಿದೆ. ಜಗಲಿಯಲ್ಲಿ ಕೂರಿಸಿ ಉಸಿರು ಹಿಡಿಸುತ್ತಿದ್ದೇನೆ. ಎಂಟು ಎಣಿಸುವಷ್ಟರಲ್ಲಿ ‘ಒಳ್ಳೆಮೆಣಸು ಕೊಯ್ಯೋಕೆ ಆಳು ಬಂದ್ರಾ’ ಅಂತ ಕೇಳಿಬಿಡುತ್ತಾರೆ.