ಅಪ್‌ಡೇಟ್: ಟಿ32 ಹಣ ಎಫ್‌-1 (ವಿದ್ಯಾರ್ಥಿ) ವೀಸಾದವರಿಗೆ ಸಿಗುತ್ತದಾ?

ಅಮೆರಿಕದಲ್ಲಿ ಪರಿಸರ ಆರೋಗ್ಯ ದತ್ತಾಂಶ ವಿಜ್ಞಾನದ ಪಿಎಚ್‌ಡಿ, ಪೋಸ್ಟ್‌ಡಾಕ್‌ಗೆ (ಪಿಎಚ್‌ಡಿ ನಂತರದ ಸಂಶೋಧನಾ ತರಬೇತಿ) ಅಲ್ಲಿನ ಸರ್ಕಾರದ ಪರಿಸರ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಇಎಚ್‌ಎಸ್‌ನ ಟಿ32 ಹಣ, ಅಂದರೆ ವಿಶ್ವವಿದ್ಯಾಲಯದ ಮೂಲಕ ಕೊಡುವ ತರಬೇತಿ ಅನುದಾನ, ಭಾರತದಿಂದ ಹೋದವರಿಗೆ ಸಿಗುತ್ತದಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ. ನಿಯಮಗಳನ್ನು ಓದಿ ಖಚಿತಪಡಿಸಿಕೊಂಡಿದ್ದೇನೆ: ಸಿಗುವುದಿಲ್ಲ. ನೇಮಕದ ದಿನ ಅಮೆರಿಕದ ಪ್ರಜೆಯಾಗಿರಬೇಕು, ಇಲ್ಲವೇ ಗ್ರೀನ್ ಕಾರ್ಡ್ ಕೈಯಲ್ಲಿರಬೇಕು. ಗ್ರೀನ್ ಕಾರ್ಡ್‌ಗೆ ಬರೀ ಅರ್ಜಿ ಹಾಕಿದ್ದರೆ ಸಾಲದು. ವ್ಯಕ್ತಿಗೇ ಕೊಡುವ ಫೆಲೋಶಿಪ್‌ಗಳಾದ ಎಫ್‌31 (ಪಿಎಚ್‌ಡಿಗೆ), ಎಫ್‌32 (ಪೋಸ್ಟ್‌ಡಾಕ್‌ಗೆ) ಇವಕ್ಕೂ ಇದೇ ನಿಯಮ.

ಹಾಗಂತ ಬಾಗಿಲು ಮುಚ್ಚಿಲ್ಲ. ಪ್ರಾಧ್ಯಾಪಕರ ಸಂಶೋಧನಾ ಯೋಜನೆಗೆ ಸಿಗುವ ಆರ್‌01 ಅನುದಾನದಲ್ಲಿ ಸಂಶೋಧನಾ ಸಹಾಯಕರಾಗಿ ಸೇರಲು ಪೌರತ್ವದ ಅಡ್ಡಿಯಿಲ್ಲ. ಆದ್ದರಿಂದ ಮೇಲ್‌ನಲ್ಲಿ "ಫಂಡಿಂಗ್ ಇದೆಯಾ" ಅಂತಷ್ಟೇ ಕೇಳಬೇಡಿ. "ಟಿ32 ಬಿಟ್ಟು ಬೇರೆ ಯಾವ ಅನುದಾನದಿಂದ, ಎಷ್ಟು ವರ್ಷ" ಅಂತ ಕೇಳಿ. ಪೋಸ್ಟ್‌ಡಾಕ್‌ನಲ್ಲಿರುವವರಿಗೆ ಸ್ವತಂತ್ರ ಸಂಶೋಧಕರಾಗಲು ನೆರವಾಗುವ ಕೆ99 ಅನುದಾನ ಇದೆ, ಅದಕ್ಕೂ ಪೌರತ್ವ ಬೇಡ.

ಗ್ರೀನ್ ಕಾರ್ಡ್ ಇದ್ದು ಟಿ32 ಪಡೆಯುವವರು ಗಮನಿಸಬೇಕಾದ್ದು ಎರಡು. ಪೋಸ್ಟ್‌ಡಾಕ್‌ನ ಮೊದಲ 12 ತಿಂಗಳಲ್ಲಿ ಪಡೆದ ಪ್ರತಿ ತಿಂಗಳ ಹಣಕ್ಕೂ ಒಂದು ತಿಂಗಳ ಸೇವೆಯ ಋಣವಿದೆ. 13ನೇ ತಿಂಗಳಿಂದ ತರಬೇತಿ ಮುಂದುವರಿಸಿದರೆ ಅದು ತಿಂಗಳಿಗೆ ತಿಂಗಳಂತೆ ತೀರುತ್ತದೆ. ವರ್ಷಕ್ಕೇ ಬಿಟ್ಟು ಸಂಶೋಧನೆ, ಬೋಧನೆಗೆ ಸಂಬಂಧವಿಲ್ಲದ ಕೆಲಸಕ್ಕೆ ಹೋದರೆ ದುಡ್ಡು ವಾಪಸ್ ಕಟ್ಟಬೇಕಾಗಬಹುದು. ಇನ್ನೊಂದು, ಇದರಲ್ಲಿ ಸಿಗುವ ಸ್ಟೈಪೆಂಡ್ (ಜೀವನ ವೆಚ್ಚದ ಹಣ) ಸಂಬಳವಲ್ಲ, ಸಾಮಾನ್ಯವಾಗಿ ತೆರಿಗೆ ಮುರಿದುಕೊಳ್ಳುವುದಿಲ್ಲ. ಮುಂಗಡ ತೆರಿಗೆಯ 1040-ಇಎಸ್ ಫಾರಂನಲ್ಲಿ ಏಪ್ರಿಲ್, ಜೂನ್, ಸೆಪ್ಟೆಂಬರ್, ಜನವರಿ 15ಕ್ಕೆ ನಾವೇ ಕಟ್ಟಬೇಕು. 2024ರ ದರದಲ್ಲಿ ಪಿಎಚ್‌ಡಿಗೆ ವರ್ಷಕ್ಕೆ 28,224 ಡಾಲರ್, ಹೊಸ ಪೋಸ್ಟ್‌ಡಾಕ್‌ಗೆ 61,008 ಡಾಲರ್ ಸ್ಟೈಪೆಂಡ್ ಇತ್ತು.

ಅರ್ಜಿಯ ಜೊತೆ ಮಾದರಿ ಕೆಲಸ ಏನು ತೋರಿಸಲಿ ಅಂತಲೂ ಕೇಳಿದ್ದೆ. ಪಿಎಂ2.5 (ಗಾಳಿಯಲ್ಲಿನ ಅತಿ ಸೂಕ್ಷ್ಮ ಕಣಗಳು) ಪ್ರಮಾಣವನ್ನು ನಕ್ಷೆಯ ಚೌಕಗಳಂತೆ ಕೊಡುವ ಗ್ರಿಡ್ ದತ್ತಾಂಶವನ್ನು ಆಸ್ಪತ್ರೆ ದಾಖಲೆಗೆ ಜೋಡಿಸಿ ತೋರಿಸುವುದು ಒಳ್ಳೆಯದು. ವಿಳಾಸದ ಮೂಲಕ ಜೋಡಿಸುವಾಗ ಒಂದು ಎಚ್ಚರ: ಜಿಪ್ ಕೋಡ್ (ಅಮೆರಿಕದ ಪಿನ್ ಕೋಡ್) ಅಂಚೆ ಮಾರ್ಗದ ಗುರುತು, ಅದಕ್ಕೆ ಹತ್ತಿರವಾಗಿ ಜನಗಣತಿ ಇಲಾಖೆ ಗುರುತಿಸಿದ ಜೆಡ್‌ಸಿಟಿಎ ನಕ್ಷೆಯ ಪ್ರದೇಶ. ಎರಡನ್ನೂ ಒಂದೇ ಎಂದು ನೇರ ಜೋಡಿಸಿದರೆ ಪೋಸ್ಟ್ ಬಾಕ್ಸ್ ವಿಳಾಸದವರು ಸದ್ದಿಲ್ಲದೆ ಕಳೆದುಹೋಗುತ್ತಾರೆ. ಯಾವ ಜಿಪ್ ಕೋಡ್ ಯಾವ ಜೆಡ್‌ಸಿಟಿಎಗೆ ಸೇರುತ್ತದೆ ಎಂದು ತೋರಿಸುವ ಕ್ರಾಸ್‌ವಾಕ್ ಕಡತ ಬಳಸಿ, ಜೋಡಣೆಯ ಮೊದಲು ಮತ್ತು ನಂತರ ಎಷ್ಟು ಸಾಲುಗಳಿದ್ದವು ಎಂದು ಬರೆದಿಡಿ.